ಕೋಳಿ ನಮ್ಮದೇ, ಅದು ತಿನ್ನುವುದೇನು?

‘ಇದು ಮನೆಯ ಕೋಳಿಯ ಮೊಟ್ಟೆ’ ಎಂದು ಹೇಳುವಾಗ ನಮ್ಮ ಧ್ವನಿಯಲ್ಲೊಂದು ಹೆಮ್ಮೆ ಇರುತ್ತದೆ. ಬಾಣಂತಿಗೆ, ಜ್ವರದಿಂದ ಎದ್ದ ಮಗುವಿಗೆ, ಪರೀಕ್ಷೆಗೆ ಓದುವ ಹುಡುಗನಿಗೆ ಅದೇ ಬೇಕು. ಅಂಗಡಿಯ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರಂತೆ, ಅದಕ್ಕೇ ನಲವತ್ತು ದಿನದಲ್ಲಿ ದಪ್ಪಗಾಗುತ್ತದಂತೆ ಎಂದು ಮದುವೆ ಮನೆಯಲ್ಲಿ ಕೂತು ಮಾತಾಡುತ್ತೇವೆ. (ಅದು ಸುಳ್ಳು. ಬ್ರಾಯ್ಲರ್ ಬೇಗ ಬೆಳೆಯುವುದು ಅದರ ತಳಿಯಿಂದ ಮತ್ತು ಆಹಾರದಿಂದ.) ಅಂಗಡಿಯ ಕೋಳಿಯ ಬಗ್ಗೆ ಇಷ್ಟೆಲ್ಲ ಅನುಮಾನ ಪಡುವ ನಾವು ನಮ್ಮದೇ ಕೋಳಿ ಏನು ತಿನ್ನುತ್ತಿದೆ ಎಂದು ಎಂದಾದರೂ ಹಿಂಬಾಲಿಸಿ ನೋಡಿದ್ದೇವೆಯೇ?

ನಾಳೆ ಬೆಳಿಗ್ಗೆ ಗೂಡಿನ ಬಾಗಿಲು ತೆರೆದ ಮೇಲೆ ಒಂದರ್ಧ ಗಂಟೆ ಹಿಂದೆಯೇ ಹೋಗಿ. ಮೊದಲು ಅದು ನೀವು ಅಂಗಳಕ್ಕೆ ಎಸೆದ ನಿನ್ನೆಯ ಅನ್ನದ ಬಳಿ ಹೋಗುತ್ತದೆ. ಅದೇ ಜಾಗದಲ್ಲಿ ನಿನ್ನೆಯ ಹಿಕ್ಕೆಯೂ ಇದೆ. ಅನ್ನ ಮುಗಿದರೆ ಬಚ್ಚಲ ನೀರು ಹರಿಯುವ ಚರಂಡಿ. ಅಲ್ಲಿಂದ ಮೀನು ತೊಳೆದ ಜಾಗ. ಕೊನೆಗೆ, ಹೇಳಲು ಬೇಸರವಾಗುತ್ತದೆ, ಹಿತ್ತಲ ಮೂಲೆಯಲ್ಲಿ ಎಸೆದ ಮಗುವಿನ ಡೈಪರ್. ಹಸಿದ ಕೋಳಿ ಅದನ್ನೂ ಬಿಡುವುದಿಲ್ಲ. ಇಷ್ಟು ತಿಂದು ಬಂದು ಅದು ಇಟ್ಟ ಮೊಟ್ಟೆಯನ್ನೇ ನಾವು ‘ಶುದ್ಧ’ ಎಂದು ನೆಂಟರಿಗೆ ಕಟ್ಟಿ ಕೊಡುತ್ತೇವೆ.

ಕೋಳಿಗೆ ಬುದ್ಧಿ ಇಲ್ಲ ಎಂದು ಬೈಯಬೇಡಿ. ಹೊಟ್ಟೆ ತುಂಬುವಷ್ಟು ಶುಚಿಯಾದ ಆಹಾರ ಒಂದು ಕಡೆ ಸದಾ ಸಿಗುವಂತಿದ್ದರೆ ಅದು ಹೊಲಸಿನ ಕಡೆಗೆ ಅಷ್ಟಾಗಿ ಹೋಗುವುದಿಲ್ಲ. ತಪ್ಪು ಆಹಾರ ಹಾಕುವ ನಮ್ಮ ಕೈಯದು. ನೆಲಕ್ಕೆ ಎಸೆಯುವ ಅಭ್ಯಾಸವನ್ನು ನಾವು ಬಿಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಒಂದು ಹಳೆಯ ಬಕೆಟ್, ಒಂದು ಅಗಲದ ಬೋಗುಣಿ ಮತ್ತು ಒಂದು ಭಾನುವಾರದ ಮಧ್ಯಾಹ್ನ.

ನೆಲದ ಮೇಲೆ ಹಾಕಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಮರಿಗಳು ರಕ್ತ ಬೆರೆತ ಹಿಕ್ಕೆ ಹಾಕುತ್ತಾ, ರೆಕ್ಕೆ ಇಳಿಬಿಟ್ಟು, ಮೂಲೆಯಲ್ಲಿ ಮುದುಡಿ ಕೂತು ಸಾಯುವುದನ್ನು ನೀವು ಕಂಡಿರಬಹುದು. ಅದಕ್ಕೆ ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. ಆ ರೋಗದ ಬೀಜ ಹಿಕ್ಕೆಯಲ್ಲಿ ಹೊರಬಂದು, ಬೆಚ್ಚಗಿನ ಒದ್ದೆ ನೆಲದಲ್ಲಿ ಒಂದೆರಡು ದಿನದಲ್ಲಿ ಬಲಿತು, ಕಾಳಿನ ಜೊತೆ ಮತ್ತೆ ಮರಿಯ ಹೊಟ್ಟೆ ಸೇರುತ್ತದೆ. ಅದು ಮನುಷ್ಯರಿಗೆ ಬರುವುದಿಲ್ಲ. ಆದರೆ ಅದೇ ದಾರಿಯಲ್ಲಿ ಓಡಾಡುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬರುತ್ತದೆ. ಅದನ್ನು ಹೊತ್ತ ಕೋಳಿ ಆರೋಗ್ಯವಾಗಿಯೇ ಕಾಣುತ್ತದೆ. ಅಂಗಳದಲ್ಲಿ ಅಂಬೆಗಾಲಿಡುವ ಮಗು ಮಾತ್ರ ವಾಂತಿ, ಭೇದಿ, ಜ್ವರದಿಂದ ಮಲಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಇದು ಹೆಚ್ಚು ಅಪಾಯ.

ಇದಕ್ಕಿಂತ ನನಗೆ ಹೆಚ್ಚು ಭಯ ಇಲಿಯದು. ನನ್ನ ನಾದಿನಿಯ ಮನೆಯಲ್ಲಿ ಕೋಳಿಗೆಂದು ಸಂಜೆ ತವುಡು, ನುಚ್ಚು ಕಲಸಿ ಬಾವಿಕಟ್ಟೆಯ ಬಳಿ ತಟ್ಟೆಯಲ್ಲಿ ಇಡುತ್ತಿದ್ದರು. ಉಳಿದದ್ದು ರಾತ್ರಿಯಿಡೀ ಅಲ್ಲೇ. ಕೋಳಿ ಗೂಡು ಸೇರಿದ ಮೇಲೆ ಇಲಿಗಳ ಊಟ. ಆಗಸ್ಟ್ ತಿಂಗಳಲ್ಲಿ ಅವರ ಮಗನಿಗೆ ಜ್ವರ ಬಂತು. ಮೀನಖಂಡದಲ್ಲಿ ನಡೆಯಲಾಗದಷ್ಟು ನೋವು, ಕಣ್ಣು ಕೆಂಪು. ಮಳೆಗಾಲದ ಶೀತ ಎಂದು ನಾಲ್ಕು ದಿನ ಕಷಾಯ ಕುಡಿಸಿದರು. ಐದನೆಯ ದಿನ ಕಣ್ಣು ಹಳದಿಯಾಯಿತು. ಇಲಿಜ್ವರ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಅಲ್ಲಾಹನ ಅನುಗ್ರಹದಿಂದ ಹುಡುಗ ಉಳಿದ. ರೋಗ ಆ ತಟ್ಟೆಯ ಬಳಿಯಿಂದಲೇ ಬಂತು ಎಂದು ನಾನು ಹೇಳಲಾರೆ. ಅದು ತೋಟದಲ್ಲೋ ಗದ್ದೆಯಲ್ಲೋ ಹತ್ತಿರಬಹುದು. ಆದರೆ ಇಲಿಯ ಮೂತ್ರ ಬೆರೆತ ಕೆಸರನ್ನು ಬರಿಗಾಲಲ್ಲಿ ತುಳಿದಾಗ, ಕಾಲಿನ ಸಣ್ಣ ಗಾಯದಿಂದ ಆ ರೋಗ ಒಳಗೆ ಹೋಗುತ್ತದೆ. ಆ ಹುಡುಗ ದಿನಾ ಬರಿಗಾಲಲ್ಲಿ ಬಾವಿಯಿಂದ ನೀರು ಸೇದುತ್ತಿದ್ದ. ಇಲಿಗಳನ್ನು ಪ್ರತಿರಾತ್ರಿ ಬಾವಿಕಟ್ಟೆಗೆ ಕರೆದವರು ಯಾರು?

ಹೊಲಸು ತಿನ್ನುವ ಪ್ರಾಣಿಗೆ ನಮ್ಮ ಫಿಕ್ಹ್‌ನಲ್ಲಿ ‘ಜಲ್ಲಾಲ’ ಎಂಬ ಹೆಸರೇ ಇದೆ. ಅದರ ವಿವರಗಳನ್ನು ಉಲಮಾಗಳು ಹೇಳಬೇಕು, ನಾನಲ್ಲ. ಆದರೆ ನನ್ನ ಉಮ್ಮ ಕೋಳಿ ಕೊಯ್ಯುವ ಮೂರು ದಿನ ಮೊದಲೇ ಅದನ್ನು ಹಿಡಿದು, ಬುಟ್ಟಿ ಮುಚ್ಚಿ, ಅಕ್ಕಿ-ನೀರು ಕೊಟ್ಟು ಇಡುತ್ತಿದ್ದರು. ನಿಮ್ಮ ಮನೆಯ ಹಿರಿಯರೂ ಹಾಗೆಯೇ ಮಾಡಿರಬಹುದು. ಇಬ್ನ್ ಉಮರ್(ರ) ಅವರೂ ಹೀಗೆ ಮೂರು ದಿನ ಕಟ್ಟಿಡುತ್ತಿದ್ದರೆಂದು ವರದಿಯಿದೆ. ಈಗ ಆ ಅಭ್ಯಾಸವೂ ತಪ್ಪಿಹೋಗುತ್ತಿದೆ. ನನ್ನ ಪ್ರಶ್ನೆ ಬೇರೆ. ಕೊಯ್ಯುವ ಕೋಳಿಯನ್ನು ಮೂರು ದಿನ ಕಟ್ಟಿಡಬಹುದು, ದಿನವೂ ತಿನ್ನುವ ಮೊಟ್ಟೆಗೆ ಏನು ಮಾಡುತ್ತೀರಿ? ಮೊಟ್ಟೆ ಇಡುವ ಕೋಳಿಗೆ ಪ್ರತಿದಿನವೂ ಶುಚಿಯಾದ ಆಹಾರ ಸಿಗಬೇಕು. ಬೇರೆ ದಾರಿಯಿಲ್ಲ.

ಇನ್ನು ಆ ಬಕೆಟ್. ಹತ್ತು ಲೀಟರಿನದು, ಮುಚ್ಚಳ ಮತ್ತು ಹಿಡಿ ಇರುವಂಥದ್ದು. ಅಡುಗೆ ಎಣ್ಣೆಯದೋ ಉಪ್ಪಿನಕಾಯಿಯದೋ ಆದರೆ ಒಳ್ಳೆಯದು. ಪೈಂಟ್ ಬಕೆಟ್ ಬೇಡ. ಅಡಿಕೆಗೆ ಔಷಧಿ ಹೊಡೆದ ಡಬ್ಬವನ್ನಂತೂ ಎಷ್ಟು ತೊಳೆದರೂ ಮುಟ್ಟಬೇಡಿ. ಬಕೆಟಿನ ತಳಕ್ಕೆ ತಾಗಿದಂತೆ, ಸುತ್ತಲೂ ಐದಾರು ಕಡೆ, ಒಂದೂವರೆ ಇಂಚು ಎತ್ತರದ ಅರ್ಧಚಂದ್ರದಂತಹ ತೂತು ಕೊರೆಯಿರಿ. ಕಾದ ಸರಳಿನಿಂದ ಸುಡುವುದು ಸುಲಭವೆಂದು ಕಾಣುತ್ತದೆ, ಆದರೆ ಆ ಹೊಗೆ ಎದೆಗೆ ಕೆಟ್ಟದ್ದು. ಪ್ಲಂಬರ್ ಅಥವಾ ಬಡಗಿಯ ಬಳಿ ಡ್ರಿಲ್ ಇರುತ್ತದೆ. ತೂತಿನ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ ನಯ ಮಾಡಿ, ಇಲ್ಲವಾದರೆ ಕೋಳಿಯ ಜುಟ್ಟು ಗಾಯವಾಗುತ್ತದೆ.

ಬಕೆಟನ್ನು ಅದಕ್ಕಿಂತ ನಾಲ್ಕೈದು ಇಂಚು ಅಗಲವಾದ ಪ್ಲಾಸ್ಟಿಕ್ ಬೋಗುಣಿಯ ನಡುವೆ ಇಟ್ಟು, ಮೂರು ನಟ್-ಬೋಲ್ಟು, ದೊಡ್ಡ ವಾಷರ್ ಹಾಕಿ ಬಿಗಿಯಿರಿ. ಸುತ್ತಲೂ ಎರಡು ಇಂಚಿಗಿಂತ ಹೆಚ್ಚು ಜಾಗ ಉಳಿಯಬೇಕು, ಕೋಳಿಯ ತಲೆ ಅಲ್ಲಿಗೆ ಹೋಗಬೇಕಲ್ಲ. ಬಕೆಟಿನ ಒಳಗೆ, ಬೋಲ್ಟುಗಳ ಮೇಲೆ, ಒಂದು ಹಳೆಯ ಬಟ್ಟಲನ್ನು ಕವುಚಿ ಹಾಕಿ. ಆಗ ಕಾಳು ನಡುವೆ ನಿಲ್ಲದೆ ತೂತಿನ ಕಡೆಗೆ ಜಾರುತ್ತದೆ.

ಇಲ್ಲಿ ಒಂದೇ ಒಂದು ಲೆಕ್ಕವಿದೆ, ಅದನ್ನು ತಪ್ಪಿದರೆ ಎಲ್ಲವೂ ವ್ಯರ್ಥ. ತೂತಿನ ಮೇಲಂಚು ಬೋಗುಣಿಯ ಅಂಚಿಗಿಂತ ಕನಿಷ್ಠ ಒಂದು ಇಂಚು ಕೆಳಗಿರಬೇಕು. ಕಾಳು ತನ್ನ ಭಾರಕ್ಕೆ ತಾನೇ ಇಳಿದು ಬೋಗುಣಿಗೆ ಬರುತ್ತದೆ. ತೂತಿನ ಬಾಯಿ ಮುಚ್ಚುವಷ್ಟು ರಾಶಿಯಾದ ಕೂಡಲೇ ಇಳಿಯುವುದು ನಿಲ್ಲುತ್ತದೆ. ಕೋಳಿ ತಿಂದಷ್ಟು ಮತ್ತೆ ಇಳಿಯುತ್ತದೆ. ತೂತು ಎತ್ತರವಾದರೆ ರಾಶಿ ಅಂಚು ದಾಟಿ ನೆಲಕ್ಕೆ ಚೆಲ್ಲುತ್ತದೆ. ಆಮೇಲೆ ಮತ್ತದೇ ಹಿಕ್ಕೆ, ಅದೇ ಇಲಿ.

ಇದನ್ನು ನೆಲದ ಮೇಲೆ ಇಡಬೇಡಿ. ಮಳೆ ಇರಚಲು ತಾಗದ ಮಾಡಿನ ಕೆಳಗೆ ಹಗ್ಗದಿಂದ ತೂಗುಹಾಕಿ. ಬೋಗುಣಿಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಲಿ. ಆಗ ಅದು ಕಾಲಿನಿಂದ ಕೆದಕಲಾರದು, ಒಳಗೆ ಹತ್ತಿ ಹಿಕ್ಕೆ ಹಾಕಲಾರದು. ಸಂಜೆ ಕೋಳಿ ಗೂಡು ಸೇರಿದೊಡನೆ ಕೊಕ್ಕೆಯಿಂದ ತೆಗೆದು ಒಳಗಿಡಿ. ಈ ಒಂದು ಕೆಲಸ ಮಾಡಲಾಗದಿದ್ದರೆ ಫೀಡರ್ ಮಾಡಲೇಬೇಡಿ. ರಾತ್ರಿ ಹೊರಗೆ ತೂಗಾಡುವ ಐದು ಕಿಲೋ ಕಾಳು ಇಲಿಗೆ ಹಬ್ಬ, ಇಲಿ ಇದ್ದಲ್ಲಿಗೆ ಹಾವೂ ಬರುತ್ತದೆ.

ಪಿವಿಸಿ ಪೈಪಿನಿಂದಲೂ ಮಾಡುತ್ತಾರೆ. ನಾಲ್ಕು ಇಂಚಿನ ಪೈಪನ್ನು ಗೋಡೆಗೆ ನಿಲ್ಲಿಸಿ, ಕೆಳಗೆ ಬಾಗಿದ ತುಂಡು ಜೋಡಿಸುವುದು. ನೋಡಲು ಚಂದ. ಆದರೆ ಒಂದು ಬಾಯಿಯಲ್ಲಿ ಒಂದೇ ಕೋಳಿ ತಿನ್ನಬಹುದು. ಜೋರಿನ ಹುಂಜ ಅಲ್ಲೇ ನಿಂತರೆ ಬಡಪಾಯಿ ಹೇಂಟೆ ಮತ್ತೆ ಚರಂಡಿಗೇ ಹೋಗುತ್ತದೆ. ರಾತ್ರಿ ಒಳಗೆ ತರಲೂ ಆಗದು. ನನಗೆ ಬಕೆಟೇ ಸರಿ. ಆರೇಳು ಕೋಳಿ ಸುತ್ತ ನಿಂತು ತಿನ್ನಬಹುದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಫೀಡರ್ ಕಟ್ಟಿದ ಉತ್ಸಾಹದಲ್ಲಿ ಜುಲೈ ತಿಂಗಳಲ್ಲಿ ಬಕೆಟ್ ತುಂಬ ಹಾಕಿ, ಇನ್ನು ಚಿಂತೆಯಿಲ್ಲ ಎಂದು ಒಂದು ವಾರ ತವರಿಗೆ ಹೋದೆ. ಹಿಂದಿರುಗುವಾಗ ಮೇಲೆ ಕಾಳು ಇನ್ನೂ ಅರ್ಧ ಇತ್ತು. ತೂತಿನ ಬಳಿ ತೇವಕ್ಕೆ ಇಟ್ಟಿಗೆಯಂತೆ ಗಟ್ಟಿಯಾಗಿ, ಒಳಗೆಲ್ಲ ಹಸಿರು ಬೂಷ್ಟು. ಕೋಳಿಗಳು ಅದನ್ನೇ ಕುಕ್ಕಿ ತಿಂದಿದ್ದವು. ಎರಡು ಹೇಂಟೆಗಳು ಮಂಕಾಗಿ ಕೂತಿದ್ದವು, ಮೂರು ದಿನದಲ್ಲಿ ಸತ್ತವು. ಬೂಷ್ಟಿನಿಂದಲೇ ಸತ್ತವು ಎನ್ನಲು ಪರೀಕ್ಷೆ ಬೇಕು ಎಂದರು ಪಶುವೈದ್ಯರು. ಆದರೆ ಆ ಕಾಳನ್ನು ಮೂಸಿದ ಕೂಡಲೇ ಹೂಳಿಬಿಡಿ ಎಂದರು.

ಜೋಳ, ಶೇಂಗಾ ಹಿಂಡಿ ತೇವದಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ, ಕೋಳಿಯ ಈರಲಿನಲ್ಲೂ ಮೊಟ್ಟೆಯಲ್ಲೂ ಸ್ವಲ್ಪ ಉಳಿಯುತ್ತದೆ. ಬಿಸಿಲಲ್ಲಿ ಒಣಗಿಸಿದರೆ, ಬೇಯಿಸಿದರೆ ಹೋಗುವುದಿಲ್ಲ. ನಮಗೆ ಬೇಡವಾದ ಬೂಷ್ಟು ಹಿಡಿದ ಅಕ್ಕಿಯನ್ನು, ರೊಟ್ಟಿಯನ್ನು ‘ಕೋಳಿಗಾದರೂ ಆಗುತ್ತದೆ’ ಎಂದು ಹಾಕುವವರು ಇದನ್ನು ನೆನಪಿಡಬೇಕು. ಅದು ಕೋಳಿಗೆ ಹಾಕಿದ್ದಲ್ಲ, ಒಂದು ಸುತ್ತು ಬಳಸಿ ನಮ್ಮ ಮಕ್ಕಳ ತಟ್ಟೆಗೇ ಹಾಕಿದ್ದು.

ಆದ್ದರಿಂದ ಅಳೆದು ಹಾಕಿ. ಪೂರ್ತಿ ನಮ್ಮ ಆಹಾರವನ್ನೇ ನಂಬಿದ ಮೊಟ್ಟೆಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಬೇಕು. ಹೊರಗೆ ತಿರುಗಾಡುವ ನಾಟಿ ಕೋಳಿಗೆ ಅದರ ಅರ್ಧದಷ್ಟು ಸಾಕಾಗುತ್ತದೆ. ಗಿರಿರಾಜದಂತಹ ದೊಡ್ಡ ತಳಿಗೆ ಹೆಚ್ಚು ಬೇಕು. ಐದು ಕೋಳಿ ಇದ್ದರೆ ಬೇಸಿಗೆಯಲ್ಲಿ ಮೂರು ದಿನದ್ದು ತುಂಬಿ, ಮಳೆಗಾಲದಲ್ಲಿ ಒಂದೇ ದಿನದ್ದು. ಬೆಳಿಗ್ಗೆ ತೂಗುಹಾಕುವಾಗ ಬಕೆಟಿಗೆ ಎರಡು ತಟ್ಟು ತಟ್ಟಿ. ಫೀಡರಿಗೆ ಒಣ ಕಾಳು, ನುಚ್ಚು, ಅಂಗಡಿಯ ಫೀಡ್ ಮಾತ್ರ. ಉಳಿದ ಅನ್ನ ಕೊಡುವುದಿದ್ದರೆ ಬೇರೆ ತಟ್ಟೆಯಲ್ಲಿ ಕೊಟ್ಟು, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ. ಉಪ್ಪು ಜಾಸ್ತಿ ಇರುವ ಸಾರು, ಉಪ್ಪಿನಕಾಯಿ ಬೇಡ, ಉಪ್ಪು ಕೋಳಿಗೆ ವಿಷವಾಗುತ್ತದೆ. ಮೊಟ್ಟೆಕೋಳಿಯ ಫೀಡನ್ನು ಮರಿಗಳಿಗೂ ಹಾಕಬೇಡಿ. ಅದರಲ್ಲಿರುವ ಹೆಚ್ಚಿನ ಸುಣ್ಣದ ಅಂಶ ಮರಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

‘ಕೋಳಿ ಎಂದರೆ ಕೆದಕಿ ತಿನ್ನಬೇಕು, ಕಟ್ಟಿಹಾಕಿ ಬೆಳೆಸಿದರೆ ಬ್ರಾಯ್ಲರಿಗೂ ಇದಕ್ಕೂ ಏನು ವ್ಯತ್ಯಾಸ?’ ಎಂದು ನಮ್ಮ ಮಾವ ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಕೆದಕಲಿ, ಗೆದ್ದಲು ಹುಳು ತಿನ್ನಲಿ, ಹುಲ್ಲು ಕುಕ್ಕಲಿ, ಅದರಿಂದಲೇ ಹಳದಿಗೆ ಆ ಬಣ್ಣ. ಕೋಳಿಯನ್ನು ಕಟ್ಟಿಹಾಕಿ ಎಂದು ನಾನು ಹೇಳಿದ್ದಲ್ಲ. ಚರಂಡಿಗೆ ಹಲಗೆ ಮುಚ್ಚಿ, ಡೈಪರನ್ನು ಕಟ್ಟಿ ಕಸದ ಗಾಡಿಗೆ ಕೊಡಿ, ಮೀನಿನ ಕಸವನ್ನು ಹೂಳಿ ಎಂದು ಹೇಳುತ್ತಿದ್ದೇನೆ. ಅದಕ್ಕೆ ಕೋಳಿಯ ಒಪ್ಪಿಗೆ ಬೇಕಿಲ್ಲ, ಮಾವನ ಸಹಾಯ ಬೇಕು.

ಫೀಡರ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಅಡುಗೆ ಮನೆಗೆ ಹೋಗಬಾರದು, ದೊಡ್ಡವರೂ ಮಕ್ಕಳೂ. ವುಝೂ ಮಾಡುತ್ತೇವಲ್ಲ ಎನ್ನಬೇಡಿ, ಆ ನೀರಿನ ಜೊತೆ ಸೋಪು ಇರುವುದಿಲ್ಲ. ಮಕ್ಕಳು ಮರಿಗಳಿಗೆ ಮುತ್ತು ಕೊಡುವುದನ್ನು ಬಿಡಿಸಿ. ಫೀಡರನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬೇಡಿ. ಹಿತ್ತಲಿನಲ್ಲಿ ಬಾವಿಯಿಂದ ದೂರ, ಅದಕ್ಕೇ ಮೀಸಲಾದ ಬ್ರಶ್ ಇರಲಿ. ತೊಳೆದ ಮೇಲೆ ಚೆನ್ನಾಗಿ ಒಣಗದೆ ಕಾಳು ತುಂಬಬೇಡಿ, ಒಳಗಿನ ಬಟ್ಟಲಿನ ಅಡಿಯಲ್ಲಿ ನೀರು ನಿಂತಿರುತ್ತದೆ, ಅದನ್ನು ಎತ್ತಿ ನೋಡಿ. ನಮ್ಮಲ್ಲಿ ಗುರುವಾರ ಸಂಜೆ ತೊಳೆದು ರಾತ್ರಿಯಿಡೀ ಒಲೆಯ ಬಳಿ ಕವುಚಿಡುತ್ತೇವೆ. ಶುಕ್ರವಾರ ಬೆಳಿಗ್ಗೆ ತುಂಬಿಸುವ ಸರದಿ ಈಗ ಎಂಟು ವರ್ಷದ ಮಗಳದು. ಕಾಳು ಅಳೆಯಲು ಅವಳಿಗೊಂದು ಹಳೆಯ ಲೋಟ ಕೊಟ್ಟಿದ್ದೇನೆ, ಐದು ಕೋಳಿಗೆ ಐದು ಲೋಟ.