ಬೀಗ ಹಾಕುವುದು ಪರಿಹಾರವಲ್ಲ

ಸೊರಗಿದ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಲೇಸು ಎಂಬ ಲೇಖನ ಓದಿ ನೋವಾಯಿತು. ಸೊರಗಿದ್ದು ಏಕೆ ಎಂದು ಲೇಖಕರು ಕೇಳಿಯೇ ಇಲ್ಲ.

ಹಾಸನ, ಹಾವೇರಿ, ಕೊಡಗು, ಕೊಪ್ಪಳ ಮುಂತಾದೆಡೆ ಹೊಸ ವಿ.ವಿ.ಗಳನ್ನು ತೆರೆದಾಗ ಸರ್ಕಾರ ಕೊಡಲು ಒಪ್ಪಿದ್ದು ತಲಾ 2 ಕೋಟಿ ರೂಪಾಯಿ. ಅಷ್ಟರಲ್ಲಿ ಒಂದು ಒಳ್ಳೆಯ ಪ್ರಯೋಗಾಲಯವೂ ಏಳದು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಇಂಥ ಒಂಬತ್ತು ವಿ.ವಿ.ಗಳನ್ನು ಮುಚ್ಚುವ ಮಾತಾಡಿತು. ನೀರೆರೆಯದೆ ಸಸಿ ಒಣಗಿತೆಂದು ಕಿತ್ತೆಸೆಯುವುದು ಯಾವ ನ್ಯಾಯ?

ಹೊಸ ವಿ.ವಿ.ಗಳನ್ನು ಅವು ಬೇರ್ಪಟ್ಟ ಮಾತೃಸಂಸ್ಥೆಗೆ ಮರಳಿ ಸೇರಿಸಿದರೆ ಸಾಕು ಎನ್ನುತ್ತಾರೆ ಲೇಖಕರು. 1916ರಲ್ಲಿ ಹುಟ್ಟಿದ ಮೈಸೂರು ವಿ.ವಿ.ಯನ್ನೇ ನೋಡಲಿ. ಹಾಸನ, ಮಂಡ್ಯ, ಚಾಮರಾಜನಗರದ ಕಾಲೇಜುಗಳು ಬೇರೆಯಾದಾಗ ಸಂಯೋಜನೆ ಮತ್ತು ಪರೀಕ್ಷಾ ಶುಲ್ಕದ ಆದಾಯ ಹೋಯಿತು. ನಿವೃತ್ತರ ಪಿಂಚಣಿಯ ಹೊರೆ ಉಳಿಯಿತು. ಶುಲ್ಕ ಮರಳಿದರೂ ಖಾಲಿ ಹುದ್ದೆಗಳು ತಾವಾಗಿ ತುಂಬುವುದಿಲ್ಲ.

ಹೊಸ ವಿ.ವಿ.ಯೊಂದರ ವಿಭಾಗದಲ್ಲಿ ನಾನು ಕಂಡಿದ್ದೇನೆ: ಕಾಯಂ ಪ್ರಾಧ್ಯಾಪಕರ ಕುರ್ಚಿ ಖಾಲಿ. ಅತಿಥಿ ಉಪನ್ಯಾಸಕರೊಬ್ಬರೇ ಬೆಳಿಗ್ಗೆಯಿಂದ ಮೂರು ಪತ್ರಿಕೆಗಳ ಪಾಠ ಮಾಡಿ, ಸಂಜೆ ಸಂಬಳದ ಕಡತ ಎಲ್ಲಿಗೆ ಬಂತೆಂದು ಗುಮಾಸ್ತರನ್ನು ವಿಚಾರಿಸುತ್ತಿದ್ದರು. ಮುಂದಿನ ಬೆಂಚಿನ ಹುಡುಗಿ ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ದೂರದ ಊರಿನ ಹಾಸ್ಟೆಲಿಗೆ ಅವಳ ಮನೆಯವರು ಕಳಿಸುವುದಿಲ್ಲ.

ಆಡಳಿತ ಹಳಿ ತಪ್ಪಿದೆ ಎಂಬ ಲೇಖಕರ ಮಾತು ನಿಜ. ಹಾಗಾದರೆ ಕುಲಪತಿ, ಸಿಂಡಿಕೇಟ್ ನೇಮಕದಲ್ಲಿ ಜಾತಿ, ಶಿಫಾರಸು ನಿಲ್ಲಲಿ. ಪಿಂಚಣಿಯನ್ನು ಸರ್ಕಾರ ಹೊರಲಿ, ಹುದ್ದೆ ತುಂಬಲಿ, ಲೆಕ್ಕಪರಿಶೋಧನೆ ಬಹಿರಂಗವಾಗಲಿ. ತಪ್ಪು ಮಾಡಿದವರನ್ನು ಬಿಟ್ಟು ಆ ಹುಡುಗಿಗೆ ಶಿಕ್ಷೆ ಕೊಡಬೇಡಿ.