ಇದಕ್ಕೇ ಅಂತ ಮಾಡಿದ್ದು!

ಐಪಾಡಿಗೆ ಸ್ಪೀಕರ್ ಕೇಸ್ ಕೊಳ್ಳಲು ಹೋದರೆ ಅಂಗಡಿಯವರು ತಪ್ಪದೆ ಮಾಡುವ ಒಂದು ಆಟ ಇದೆ. ನಿಮ್ಮ ಕೈಯಿಂದ ಪ್ಲೇಯರ್ ಇಸ್ಕೊಂಡು, ಕೇಸಿನ ಒಳಗಿನ ಗೂಡಿಗೆ ಇಳಿಸಿ, ಟಕ್ ಅಂತ ಕೂರಿಸಿ, ತಲೆಕೆಳಗು ಮಾಡಿ ಅಲ್ಲಾಡಿಸಿ ತೋರಿಸ್ತಾರೆ. ಬೀಳಲ್ಲ. ‘ನೋಡಿ ಸಾರ್, ಇದಕ್ಕೇ ಅಂತ ಮಾಡಿದ್ದು!’ ನಾವೂ ತಲೆದೂಗಿ ಪರ್ಸಿಗೆ ಕೈ ಹಾಕ್ತೇವೆ. ನನ್ನ ತಕರಾರು ಇರೋದು ಆ ಮಾತಿನ ಮೇಲೇ. ‘ಇದಕ್ಕೇ ಅಂತ ಮಾಡಿದ್ದು’ ಅನ್ನುವುದು ಹೊಗಳಿಕೆ ಅಲ್ಲ ಮಾರಾಯ್ರೆ, ಅದನ್ನು ಕೊಳ್ಳದೆ ಎದ್ದು ಬರಲು ಅದೊಂದೇ ಕಾರಣ ಸಾಕು.

ಕಂಡಿಲ್ಲದವರಿಗೆ ಒಂದು ಮಾತು. ಸ್ಪೀಕರ್ ಕೇಸ್ ಅಂದರೆ ಸುತ್ತ ಜಿಪ್ ಇರುವ, ಚಿಕ್ಕ ಊಟದ ಡಬ್ಬಿಯಷ್ಟು ದೊಡ್ಡ ಗಟ್ಟಿ ಚೀಲ. ಒಂದು ಮಗ್ಗುಲಲ್ಲಿ ಎರಡು ಪುಟ್ಟ ಸ್ಪೀಕರ್, ಇನ್ನೊಂದರಲ್ಲಿ ಪ್ಲೇಯರ್ ಇಡುವ ಗೂಡು, ಹಿಂದೆ ಗೋಡೆ ಗಡಿಯಾರಕ್ಕೆ ಹಾಕುವಂಥ ಎಎ ಸೆಲ್ ನಾಲ್ಕು. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಪ್ಲೇಯರಿನ ಬುಡಕ್ಕೆ ಚುಚ್ಚಿಕೊಳ್ಳುವ 30 ಪಿನ್ನಿನ ಕನೆಕ್ಟರ್ ಇರುತ್ತೆ. ಇನ್ನೊಂದರಲ್ಲಿ ಗೇಣುದ್ದದ ತಂತಿ, ತುದಿಗೆ ಇಯರ್‌ಫೋನ್ ತೂತಿಗೆ ಸಿಕ್ಕಿಸುವ 3.5 ಮಿಲಿಮೀಟರಿನ ಜಾಕ್. ಮೊದಲನೆಯದು ಚಂದ, ದುಬಾರಿ, ಗಾಜಿನ ಶೋಕೇಸಿನಲ್ಲಿ ಕೂತಿರುತ್ತೆ. ಎರಡನೆಯದನ್ನು ಕೇಳಿದರೆ ಮಾತ್ರ ಒಳಗಿಂದ ಧೂಳು ಒರೆಸಿ ತರ್ತಾರೆ. ಧೂಳಿನದನ್ನೇ ತರಿಸಿ.

ಮೊದಲು ಗೂಡಿನ ಕಥೆ ನೋಡಿ. ಐಪಾಡ್ ನ್ಯಾನೋ 2005ರಲ್ಲಿ ಬಂದಾಗ ಉದ್ದಕ್ಕೆ ತೆಳ್ಳಗಿತ್ತು. 2007ರಲ್ಲಿ ಗಿಡ್ಡ ಆಗಿ ಅಗಲ ಆಯ್ತು. ಮರುವರ್ಷ ಮತ್ತೆ ಉದ್ದ. 2010ರಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕ. 2012ರಲ್ಲಿ ಇನ್ನೊಮ್ಮೆ ಉದ್ದ. ಏಳು ವರ್ಷದಲ್ಲಿ ಒಂದೇ ಹೆಸರಿನ ವಸ್ತು ಇಷ್ಟು ಸಲ ಮೈ ಬದಲಿಸಿತು. 2007ರ ಗಿಡ್ಡನಿಗೆ ಅಳತೆ ಹಿಡಿದು ಹೊಲಿದ ಕೇಸು 2008ರ ಉದ್ದನಿಗೆ ಏನು ಪ್ರಯೋಜನ? ಶಫಲ್‌ಗಂತೂ ಆ 30 ಪಿನ್ನಿನ ಬಾಯಿಯೇ ಇಲ್ಲ.

ಪಿನ್ನಿನ ಕಥೆ ಇನ್ನೂ ಮಜಾ. 2001ರಲ್ಲಿ ಬಂದ ಮೊದಲ ಐಪಾಡಿನಲ್ಲಿ ಅದು ಇರಲಿಲ್ಲ, 2003ರಲ್ಲಿ ಬಂತು. ಅದನ್ನು ನಂಬಿ ಒಂದು ಇಡೀ ಸಂತೆಯೇ ನೆರೆಯಿತು. ಸ್ಪೀಕರ್, ಅಲಾರಂ ಗಡಿಯಾರ, ಕಾರಿನ ತೊಟ್ಟಿಲು, ಏನುಂಟು ಏನಿಲ್ಲ! ‘ಮೇಡ್ ಫಾರ್ ಐಪಾಡ್’ ಅನ್ನುವ ಮುದ್ರೆ ಹಾಕಿಕೊಳ್ಳೋದಕ್ಕೆ ತಯಾರಕರು ಆಪಲ್‌ಗೆ ಕಪ್ಪ ಕಟ್ಟಿದರು. ಆ ಕಪ್ಪ ಡಬ್ಬದ ಬೆಲೆಯಲ್ಲಿ ಸೇರಿ ನಮ್ಮ ತಲೆಗೆ ಬಂತು. ಅಷ್ಟಾಗಿಯೂ ನೆಮ್ಮದಿ ಇತ್ತಾ? 2008ರ ಹೊಸ ಮಾಡೆಲ್‌ಗಳಲ್ಲಿ ಫೈರ್‌ವೈರ್ ಪಿನ್ನುಗಳ ಮೂಲಕ ಚಾರ್ಜ್ ಆಗುವುದನ್ನು ಆಪಲ್ ಕೈಬಿಟ್ಟಿತು. ಹೊರಗಿಂದ ನೋಡಿದರೆ ಅದೇ ಬಾಯಿ, ಅದೇ 30 ಪಿನ್ನು. ಆದರೆ ಹಳೇ ಸ್ಪೀಕರಿನಲ್ಲಿಟ್ಟರೆ ಹಾಡುತ್ತೆ, ಚಾರ್ಜ್ ಆಗಲ್ಲ. ಕೊನೆಗೆ 2012ರ ಸೆಪ್ಟೆಂಬರಿನಲ್ಲಿ ಲೈಟ್ನಿಂಗ್ ಅಂತ ಸಣ್ಣ ಕನೆಕ್ಟರ್ ತಂದು, 30 ಪಿನ್ನಿಗೆ ಎಳ್ಳುನೀರು ಬಿಟ್ಟರು. ಹಳೆಯದಕ್ಕೆ ಹೊಸದನ್ನು ಕೂಡಿಸಬೇಕಾ? ಅಮೆರಿಕದಲ್ಲಿ ಆಗ 29 ಡಾಲರಿನ ಅಡಾಪ್ಟರ್ ಕೊಳ್ಳಬೇಕಿತ್ತು. ಮೇಜಿನ ಮೇಲಿನ ಸ್ಪೀಕರಿಗೆ ಅದಾದರೂ ಹೇಗೋ ನಡೀತದೆ. ಅಳತೆಗೆ ಸರಿಯಾಗಿ ಮಾಡಿದ ಕೇಸಿನಲ್ಲಿ ಅಡಾಪ್ಟರ್ ಸಿಕ್ಕಿಸಿದ ಮೇಲೆ ಜಿಪ್ ಎಲ್ಲಿ ಹಾಕ್ತೀರಿ?

ಸ್ವತಃ ಆಪಲ್ ಮಾಡಿದ ಐಪಾಡ್ ಹೈ-ಫೈ ಅನ್ನುವ ಸ್ಪೀಕರ್ 2006ರ ಫೆಬ್ರವರಿಯಲ್ಲಿ 349 ಡಾಲರಿಗೆ ಬಂತು. ನಮ್ಮ ಹಳೇ ಟಾರ್ಚಿಗೆ ಹಾಕುವಂಥ ದಪ್ಪ ಸೆಲ್ ಆರು ಹಾಕಿಯೂ ನಡೆಸಬಹುದಿತ್ತು, ಅದೊಂದು ಒಳ್ಳೇ ಬುದ್ಧಿ. 2007ರ ಸೆಪ್ಟೆಂಬರಿಗೆ ಅದರ ಮಾರಾಟವೇ ನಿಂತಿತು. ಮನೆಯೊಡೆಯನೇ ಒಂದೂವರೆ ವರ್ಷಕ್ಕೆ ಅಂಗಡಿ ಬಾಗಿಲು ಎಳೆದ ಮೇಲೆ, ಅವನ ಜಗಲಿಯಲ್ಲಿ ಕೂತು ವ್ಯಾಪಾರ ಮಾಡೋರ ಮಾತಿಗೆ ಏನು ಗ್ಯಾರಂಟಿ?

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಭಾಗ ಇನ್ನೊಂದರ ಒಳಮೈಗೆ ಹೀಗೆ ಅಂಟಿಕೊಂಡಿದ್ದರೆ ಕೋಡ್ ರಿವ್ಯೂನಲ್ಲಿ ಮುಖ ಮೂತಿ ನೋಡದೆ ಬೈತಾರೆ. ಅಂಥವರೇ ವಾರಾಂತ್ಯಕ್ಕೆ ಮಾಲ್‌ಗೆ ಹೋಗಿ ಇಂಥದ್ದನ್ನು ಖುಷಿಯಿಂದ ಹೊತ್ತು ತರ್ತಾರೆ.

‘ಹೋದರೆ ಹೋಯ್ತು, ಹೊಸದು ತಗೊಂಡರಾಯ್ತು’ ಅನ್ನುವವರಿದ್ದಾರೆ. ಬೆಂಗಳೂರಿನಲ್ಲೇ ಹುಟ್ಟಿ ಬೆಂಗಳೂರಿನಲ್ಲೇ ಮುಗಿಯುವ ವಸ್ತುವಾದರೆ ಆ ಮಾತು ಒಪ್ಪಬಹುದೇನೋ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಾಗಲ್ಲ. ಇಲ್ಲಿ ಹಳತಾದದ್ದು ಅಲ್ಲಿಗೆ ಹೋಗ್ತದೆ. ಫೋನು ತಮ್ಮನಿಗೆ, ಮಿಕ್ಸಿ ಅತ್ತಿಗೆಗೆ, ಸ್ಪೀಕರು ಅಪ್ಪನಿಗೆ. ಅಡಿಕೆ ಸುಲಿಯುವ ದಿನಗಳಲ್ಲಿ ಮಲೆನಾಡಿನ ಯಾವ ಚಪ್ಪರಕ್ಕೆ ಬೇಕಾದರೂ ರಾತ್ರಿ ಹೋಗಿ ನೋಡಿ. ಹತ್ತು ಹದಿನೈದು ಜನ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತಿರ್ತಾರೆ. ಕೈಗೆ ಕೆಲಸ ಉಂಟು, ಕಿವಿ ಖಾಲಿ. ಹಿಂದೆ ಅಲ್ಲಿ ಟೇಪ್‌ರೆಕಾರ್ಡರಿನಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳ್ತಿತ್ತು. ಆ ಕ್ಯಾಸೆಟ್ಟುಗಳು ಈಗ ಎಂಪಿ3 ಆಗಿ ಮೊಬೈಲಿನ ಚಿಪ್ಪಿನೊಳಗೆ ಕೂತಿವೆ. ಕರೆಂಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸೆಲ್ಲಿನಲ್ಲಿ ನಡೆಯುವ, ಹೆಗಲಿಗೆ ಹಾಕಿಕೊಂಡು ಹೋಗುವಂಥ ಸ್ಪೀಕರ್ ನಿಜವಾಗಿ ಬೇಕಾದದ್ದು ಅಂಥ ಜಾಗಕ್ಕೆ. ಅಮೆರಿಕದಿಂದ ಬಂದ ಭಾವನೋ ಚಿಕ್ಕಪ್ಪನ ಮಗನೋ ಬಿಟ್ಟುಹೋದ ಚಂದದ ಕೇಸು ಆ ಮನೆಯ ಕಪಾಟಿನಲ್ಲೇ ಇರುತ್ತೆ. ಅದಕ್ಕೆ ಕೂಡುವ ಪ್ಲೇಯರ್ ಮಾತ್ರ ಇರಲ್ಲ. ಅಪ್ಪನ ಕೈಯಲ್ಲಿರುವ ಸಾವಿರದೈನೂರರ ಫೋನು ಆ ಗೂಡಿನೊಳಗೆ ಕೂರಲ್ಲ. ಸ್ಪೀಕರ್ ಸರಿ ಇದೆ, ಸೆಲ್ ಸರಿ ಇದೆ, ಹಾಡೂ ಇದೆ. ಒಳಗೆ ಹೋಗಲು ದಾರಿ ಇಲ್ಲ. ತಂತಿಯ ಕೇಸಾದರೆ? ಫೋನು, ರೇಡಿಯೋ, ಚೈನಾ ಪ್ಲೇಯರ್, 3.5 ಮಿಲಿಮೀಟರಿನ ತೂತಿರುವ ಯಾವುದನ್ನು ಕೊಟ್ಟರೂ ಹಾಡುತ್ತೆ. ಜಾಕ್ ಕಿತ್ತುಹೋದರೆ ತಾಲ್ಲೂಕು ಪೇಟೆಯ ರೇಡಿಯೋ ರಿಪೇರಿಯವನು ಎರಡು ನಿಮಿಷದಲ್ಲಿ ಬೆಸುಗೆ ಹಾಕಿಕೊಡ್ತಾನೆ. 30 ಪಿನ್ನಿನ ಕನೆಕ್ಟರ್ ತಗೊಂಡುಹೋದರೆ ಕನ್ನಡಕ ಮೇಲೆತ್ತಿ ನಿಮ್ಮ ಮುಖ ನೋಡ್ತಾನೆ ಅಷ್ಟೇ.

ಪಿನ್ನಿನ ಪರ ಒಂದು ಗಟ್ಟಿ ವಾದ ಇದೆ, ಅದನ್ನು ಮುಚ್ಚಿಡಲ್ಲ. ಆ ಕನೆಕ್ಟರಿನಿಂದ ಬರುವ ಸದ್ದು ಪ್ಲೇಯರಿನೊಳಗಿನ ಇಯರ್‌ಫೋನ್ ಆಂಪ್ಲಿಫೈಯರ್ ದಾಟಿ ಬರಬೇಕಾಗಿಲ್ಲ, ಹಾಗಾಗಿ ಹೆಚ್ಚು ಶುದ್ಧ. ನಿಜ. ಆದರೆ ಆ ಶುದ್ಧ ಸದ್ದನ್ನು ಕೊನೆಗೆ ಕೊಡುವುದು ಯಾವುದಕ್ಕೆ? ಒಂದೂವರೆ ಇಂಚಿನ ಸ್ಪೀಕರಿಗೆ! ಆರ್‌ಓ ನೀರು ತಂದು ಕೆಸರಿನ ಕೊಡಕ್ಕೆ ತುಂಬಿದ ಹಾಗೆ. ಮನೆಯಲ್ಲಿ ಒಂದೇ ಕಡೆ ಇರುವ ದೊಡ್ಡ ಸ್ಪೀಕರಿಗಾದರೆ ಈ ವಾದ ಕೇಳೋಣ, ಕೇಸಿಗೆ ಬೇಡ.

ಇನ್ನು ಡಬ್ಬದ ಮೇಲಿನ ವ್ಯಾಟು. ‘1000 ವ್ಯಾಟ್ಸ್ ಪಿಎಂಪಿಒ’ ಅಂತ ಮಿಂಚುವ ಅಕ್ಷರದಲ್ಲಿ ಬರೆದ ಕೇಸನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಸುಮ್ಮನೆ ಲೆಕ್ಕ ಹಾಕೋಣ. ಒಂದು ಒಳ್ಳೇ ಆಲ್ಕಲೈನ್ ಎಎ ಸೆಲ್ಲಿನಲ್ಲಿ ಇರುವ ಶಕ್ತಿ ಸುಮಾರು 3 ವ್ಯಾಟ್-ಅವರ್. ನಾಲ್ಕಕ್ಕೆ 12. ನಿಜಕ್ಕೂ 1000 ವ್ಯಾಟ್ ಎಳೆದರೆ 43 ಸೆಕೆಂಡಿಗೆ ಸೆಲ್ ಖಾಲಿ, ಪಲ್ಲವಿಯೂ ಮುಗಿಯಲ್ಲ. ನಾಲ್ಕು ಸೆಲ್ ಸೇರಿದರೆ 6 ವೋಲ್ಟ್. 1000 ವ್ಯಾಟಿಗೆ 160 ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಆ ಕೂದಲೆಳೆ ತಂತಿಯಲ್ಲಿ! ಪಿಎಂಪಿಒ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಬರೆದವನು ಬರೆದದ್ದೇ ಸಂಖ್ಯೆ. ಮನೆಬಳಕೆಯ ಆಂಪ್ಲಿಫೈಯರ್ ಮಾರುವವರು ಸತತವಾಗಿ ಕೊಡಬಲ್ಲ ಪವರನ್ನೇ ಹೇಳಬೇಕು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ಮಾಡಿತ್ತು. ಡಬ್ಬದಲ್ಲಿ ಆರ್‌ಎಂಎಸ್ ಅಂತ ಎಲ್ಲಾದರೂ ಸಣ್ಣಕ್ಷರದಲ್ಲಿ ಇದೆಯಾ ಹುಡುಕಿ. ಎರಡೋ ಮೂರೋ ವ್ಯಾಟ್ ಇರುತ್ತೆ. ಅಷ್ಟು ಸಾಕು ಕೂಡ. ಪವರ್ ಎರಡು ಪಟ್ಟಾದರೆ ಏರುವುದು ಬರೇ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನಿಸಬೇಕಾದರೆ ಹತ್ತು ಪಟ್ಟು ಪವರ್ ಬೇಕು. ಹಾಗಾಗಿ 2 ವ್ಯಾಟೋ 3 ವ್ಯಾಟೋ ಅಂತ ತಲೆ ಕೆಡಿಸಿಕೊಳ್ಳಬೇಡಿ.

‘ಎಕ್ಸ್‌ಟ್ರಾ ಬೇಸ್’ ಅನ್ನುವುದನ್ನೂ ನಂಬಬೇಡಿ. ತಗ್ಗಿನ ಸ್ವರಕ್ಕೆ ಬಹಳ ಗಾಳಿ ತಳ್ಳಬೇಕು. ಅಂಗೈಯೊಳಗೆ ಹಿಡಿಯುವ ಸ್ಪೀಕರ್ ಎಷ್ಟು ತಾನೇ ತಳ್ಳೀತು? ಆ ಸ್ವಿಚ್ ಒತ್ತಿದರೆ ತಬಲಾದ ಎಡಗೈ ಪೆಟ್ಟು ಬರಲ್ಲ, ಮಾತಾಡುವವರು ಹಂಡೆಯೊಳಗೆ ಕೂತ ಹಾಗೆ ಕೇಳ್ತದೆ. ಸ್ಟೀರಿಯೋನೂ ಅಷ್ಟೇ. ಗೇಣಿನೊಳಗೆ ಎರಡು ಸ್ಪೀಕರ್ ಇಟ್ಟು, ಆರಡಿ ದೂರ ಕೂತರೆ ಎಡ ಯಾವುದು ಬಲ ಯಾವುದು?

ಅಂಗಡಿಗೆ ಹೋಗುವಾಗ ಹಾಡಿನ ಜೊತೆ ಯಾರದಾದರೂ ಮಾತಿನ ರೆಕಾರ್ಡಿಂಗ್ ಒಯ್ಯಿರಿ. ತಾಳಮದ್ದಲೆ ಆಗಬಹುದು, ಹರಿಕಥೆ ಆಗಬಹುದು. ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು, ಮಾತಿನ ಅಕ್ಷರ ಬಿಡಿಬಿಡಿಯಾಗಿ ಕೇಳ್ತದಾ ನೋಡಿ. ಜಿಪ್ ಹಾಕಿಯೇ ಕೇಳಿ. ಮುಚ್ಚಿದ ಮೇಲೆ ಹಾಡು ಬದಲಿಸೋದಕ್ಕೆ ದಾರಿ ಇದೆಯಾ ಅನ್ನೋದೂ ಆಗಲೇ ಗೊತ್ತಾಗ್ತದೆ. ಆಮೇಲೆ ನಿಮ್ಮ ಮೊಬೈಲನ್ನು ಅದರ ಪಕ್ಕ ಇಟ್ಟು ಯಾರಿಂದಾದರೂ ಕಾಲ್ ಮಾಡಿಸಿ. ಕಾಲ್ ಬರುವ ಮೊದಲೇ ಸ್ಪೀಕರ್ ‘ಟಿಟ್ಟಿಟಿಟ್ ಟಿಟ್ಟಿಟಿಟ್’ ಅಂತ ಗುರುಗುಟ್ಟಿದರೆ, ಸೆಕೆಂಡಿಗೆ 217 ಸಲ ಹೊಮ್ಮುವ ಜಿಎಸ್‌ಎಂ ಸಿಗ್ನಲನ್ನು ತಡೆಯುವ ವ್ಯವಸ್ಥೆ ಒಳಗೆ ಸರಿ ಇಲ್ಲ ಅಂತ. ಅದನ್ನು ವಾಪಸ್ ಕೊಡಿ. ಒಳಗೇ ಮುಚ್ಚಿಹಾಕಿದ ಬ್ಯಾಟರಿಯದ್ದು ಬೇಡ, ಬಿಚ್ಚಿ ಹಾಕುವ ಎಎ ಸೆಲ್ಲಿನದ್ದೇ ಇರಲಿ. ಊರಿನ ಗೂಡಂಗಡಿಯಲ್ಲೂ ಅದು ಸಿಗ್ತದೆ.

ತಂತಿಯ ಕಾಲ ಮುಗೀತು, ಇನ್ನೇನಿದ್ದರೂ ಬ್ಲೂಟೂತ್ ಅನ್ನುವವರಿಗೆ: ಐಪಾಡ್ ಕ್ಲಾಸಿಕ್‌ನಲ್ಲಿ ಬ್ಲೂಟೂತ್ ಇಲ್ಲ, ಅಪ್ಪನ ರೇಡಿಯೋದಲ್ಲಿ ಮೊದಲೇ ಇಲ್ಲ. ಇರುವವರು ಬಳಸಲಿ, ಬೇಡ ಅಂದವರ್ಯಾರು? ಜೊತೆಗೆ ಆ 3.5 ಮಿಲಿಮೀಟರಿನ ತೂತೂ ಇದೆಯಾ ಅಂತ ಮಾತ್ರ ಡಬ್ಬ ತಿರುಗಿಸಿ ನೋಡಿ. ಕೆಲವದರಲ್ಲಿ ಅದು ಹಿಂದೆ, ರಬ್ಬರ್ ಮುಚ್ಚಳದ ಕೆಳಗೆ ಅಡಗಿರ್ತದೆ. ಉಗುರು ಹಾಕಿ ಎಬ್ಬಿಸಬೇಕು.