ಕಡೆಯಿಲ್ಲದ ಕಡೆಯಾಟ

ಹುಮನಾಬಾದಿನ ಒಂದು ಮನೆ. ದೀಪ ಹತ್ತಿಸುವ ಹೊತ್ತು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳಿಬರುತ್ತಿದೆ. ಪಡಸಾಲೆಯಲ್ಲಿ ಕಾಲೇಜು ಓದುವ ಮೊಮ್ಮಗನು ತೆರೆಯೆದುರು ಕುಳಿತು ಯಾವುದೋ ರಾಕ್ಷಸನೊಡನೆ ಸೆಣಸುತ್ತಿದ್ದಾನೆ. ಆರಾಮಕುರ್ಚಿಯಲ್ಲಿರುವ ಅಜ್ಜನವರು ನಿವೃತ್ತ ಉಪಾಧ್ಯಾಯರು. ಪ್ರಶ್ನೆ ಕೇಳುವ ಚಟ ಇನ್ನೂ ಬಿಟ್ಟಿಲ್ಲ.

“ಇದು ಎಷ್ಟನೆಯ ಆಟವಯ್ಯ?”

“ಹದಿನಾರನೆಯದು, ಅಜ್ಜ.”

“ಮೊದಲ ಹದಿನೈದನ್ನು ಆಡದೆಯೆ ಇದರ ಕಥೆ ನಿನಗೆ ಹೇಗೆ ತಿಳಿಯಿತು?”

“ಒಂದೊಂದಕ್ಕೂ ಬೇರೆ ಕಥೆ. ಲೋಕವೂ ಬೇರೆ, ನಾಯಕನೂ ಬೇರೆ.”

“ಎಲ್ಲವೂ ಬೇರೆಯಾದ ಮೇಲೆ ಹೆಸರು ಮಾತ್ರ ಒಂದೇ ಏಕೆ?”

ಮೊಮ್ಮಗನಿಗೆ ಉತ್ತರ ಹೊಳೆಯಲಿಲ್ಲ. ಆದರೆ ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಆ ಆಟದ ಹೆಸರು ‘ಫೈನಲ್ ಫ್ಯಾಂಟಸಿ’. ಎಂದರೆ ಕಡೆಯ ಕಲ್ಪನೆ. ಕಡೆಯದೆಂದು ಹೆಸರಿಟ್ಟುಕೊಂಡು, 1987ರಿಂದ 2023ರವರೆಗೆ ಹದಿನಾರು ಸಲ ಅವತಾರವೆತ್ತಿದ ಚಮತ್ಕಾರ ಅದರದು! ಜಪಾನಿನ ಸ್ಕ್ವೇರ್ ಸಂಸ್ಥೆಯಲ್ಲಿ ಹಿರೊನೊಬು ಸಕಗುಚಿ ಎಂಬಾತನ ಮುಂದಾಳುತನದಲ್ಲಿ ಮೊದಲನೆಯದು ರೂಪುಗೊಂಡಿತು. ಆಡುವವನು ಅಲ್ಲಿ ಕೇವಲ ಪ್ರೇಕ್ಷಕನಲ್ಲ. ಪಾತ್ರ ಧರಿಸಿ ಕಥೆಯೊಳಕ್ಕೇ ಹೋಗುವವನು. ನಾಲ್ವರು ವೀರರಿಗೆ ಆತ ಅಪ್ಪಣೆ ಕೊಡುವವರೆಗೆ ಶತ್ರುವೂ ಸೌಜನ್ಯದಿಂದ ಕಾದು ನಿಂತಿರುತ್ತಿದ್ದ. ಚದುರಂಗದ ಮಣೆಯಂತೆ ಒಬ್ಬರ ತರುವಾಯ ಒಬ್ಬರ ಸರದಿ.

1991ರ ನಾಲ್ಕನೆಯ ಆಟದಲ್ಲಿ ಈ ಸೌಜನ್ಯ ಸಡಿಲವಾಯಿತು. ಆಡುವವನು ಯೋಚಿಸುತ್ತ ಕುಳಿತರೆ ಶತ್ರು ಕಾಯಲಿಲ್ಲ, ಏಟು ಕೊಟ್ಟೇಬಿಟ್ಟ. 1997ರ ಏಳನೆಯದರಲ್ಲಿ ಚಪ್ಪಟೆಯಾಗಿದ್ದ ಲೋಕಕ್ಕೆ ಆಳ ಬಂದಿತು. 2001ರ ಹತ್ತನೆಯದರಲ್ಲಿ ಮೂಕರಾಗಿದ್ದ ಪಾತ್ರಗಳಿಗೆ ಮಾತು ಬಂದಿತು. 2002ರ ಹನ್ನೊಂದನೆಯದರಲ್ಲಿ ಊರೂರುಗಳ ಜನ ಅಂತರಜಾಲದ ಮೂಲಕ ಒಂದೇ ಲೋಕದಲ್ಲಿ ಕೂಡಿ ಆಡುವಂತಾಯಿತು. ಹದಿನಾರನೆಯದಕ್ಕೆ ಬರುವಾಗ ಸರದಿಯೆಂಬುದು ಪೂರ್ತಿಯಾಗಿ ಹೊರಟುಹೋಗಿ, ಕಣ್ಣು ಕೈಗಳ ಚುರುಕೇ ಆಟವಾಯಿತು. ನಿಧಾನವಾಗಿ ಯೋಚಿಸಿ ಗೆಲ್ಲುತ್ತಿದ್ದ ಹಳಬರಿಗೆ ಸ್ವಂತ ಮನೆಗೆ ಬೀಗ ಬಿದ್ದಂತಾಯಿತು. ಅವರ ಕೊರಗನ್ನು ಬರಿಯ ಮುದುಕರ ಗೊಣಗಾಟವೆಂದು ನಗುವುದು ನ್ಯಾಯವಲ್ಲ.

ಎಲ್ಲವೂ ಬದಲಾಯಿತೆ? ಇಲ್ಲ. ಸ್ಫಟಿಕಗಳ ಮಹಿಮೆ ಮತ್ತೆ ಮತ್ತೆ ಬರುತ್ತದೆ. ಎರಡನೆಯ ಆಟದಲ್ಲಿ ಕಾಣಿಸಿಕೊಂಡ, ಸವಾರಿಗೆ ಒದಗುವ ದೊಡ್ಡ ಹಕ್ಕಿ ಚೊಕೊಬೊ ಇಂದಿಗೂ ಬೆನ್ನು ಬಿಟ್ಟಿಲ್ಲ. ಸಿಡ್ ಎಂಬ ಹೆಸರಿನವನೊಬ್ಬ ಆಟದಿಂದ ಆಟಕ್ಕೆ ಬೇರೆ ಬೇರೆ ಮನುಷ್ಯನಾಗಿ ಹುಟ್ಟಿಬರುತ್ತಾನೆ. ನೊಬುಒ ಉಎಮತ್ಸು ಹೊಸೆದ ನಾಂದಿಯ ರಾಗ ಕಿವಿಗೆ ಬಿದ್ದೊಡನೆ ಹಳಬನಿಗೆ ತನ್ನ ಬಾಲ್ಯದ ಪಡಸಾಲೆ ನೆನಪಾಗುತ್ತದೆ.

ಈ ಸರಣಿಗೆ ಒಮ್ಮೆ ಪ್ರಾಣಸಂಕಟವೂ ಒದಗಿತು. 2010ರಲ್ಲಿ ಬಂದ ಹದಿನಾಲ್ಕನೆಯ ಆಟ ಎಷ್ಟು ಕಳಪೆಯಾಗಿತ್ತೆಂದರೆ ಸಂಸ್ಥೆಯ ಅಧ್ಯಕ್ಷನೇ ಜನರ ಕ್ಷಮೆ ಬೇಡಬೇಕಾಯಿತು. ಹೊಣೆ ಹೊತ್ತ ನಓಕಿ ಯೊಶಿದ ತೇಪೆ ಹಾಕಿ ಸುಮ್ಮನಾಗಲಿಲ್ಲ. 2012ರ ನವೆಂಬರಿನಲ್ಲಿ, ಆಡುವವರು ನೋಡುನೋಡುತ್ತಿರುವಂತೆಯೆ, ಆಗಸದಿಂದ ಚಂದ್ರನೊಂದು ಬಿದ್ದು ಆ ಲೋಕ ಸುಟ್ಟುಹೋಯಿತು. 2013ರ ಆಗಸ್ಟಿನಲ್ಲಿ ಅದೇ ಲೋಕ ಹೊಸದಾಗಿ ಹುಟ್ಟಿತು. ಆದ ಪ್ರಳಯವನ್ನು ಮುಚ್ಚಿಡಲಿಲ್ಲ. ಅದನ್ನೇ ಮುಂದಿನ ಕಥೆಯ ಬುನಾದಿಯಾಗಿಸಿದರು. ನಾಶವನ್ನು ಕಂಡವರಿಗೆ ತಮ್ಮ ನೆನಪಿಗೂ ಅಲ್ಲಿ ಸ್ಥಳವಿದೆಯೆಂಬ ಸಮಾಧಾನ ದೊರೆಯಿತು.

ಮೊಮ್ಮಗನು ಈ ವೃತ್ತಾಂತವನ್ನು ಹೇಳಿ ಮುಗಿಸಿದಾಗ ಅಜ್ಜನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮ ಪಕ್ಕದ ಕಲ್ಯಾಣದ್ದೂ ಇದೇ ಕಥೆಯಲ್ಲವೆ!” ಎಂದರು.

ಮಾತು ನಿಜ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ, ಬಿಜ್ಜಳ, ಹರಳಯ್ಯ, ಮಧುವರಸರು ನಡೆದಾಡಿದ ಊರು ಇಂದಿನ ಬಸವಕಲ್ಯಾಣ. ಸಮಗಾರನ ಮಗನಿಗೂ ಬ್ರಾಹ್ಮಣನ ಮಗಳಿಗೂ ನಡೆದ ಮದುವೆ, ಅದರ ಹಿಂದೆಯೆ ಬಂದ ಘೋರ ಶಿಕ್ಷೆ, ಅರಸನ ಕೊಲೆ, ಶರಣರು ಚೆದುರಿದ್ದು – ಈ ಕಥೆಯ ಮುಕ್ತಾಯ ಯಾರಿಗೆ ತಿಳಿಯದು? ಆದರೂ 1971ರಲ್ಲಿ ಪಿ. ಲಂಕೇಶರು ‘ಸಂಕ್ರಾಂತಿ’ಯನ್ನು ಬರೆದರು, 1986ರಲ್ಲಿ ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಬಂದಿತು. 1990ರಲ್ಲಿ ಗಿರೀಶ ಕಾರ್ನಾಡರ ‘ತಲೆದಂಡ’. ಶಿವಪ್ರಕಾಶರಲ್ಲಿ ಕಾಯಕದವರ ದನಿ ಮುಂದಾಯಿತು. ಮಂದಿರ ಮಂಡಲಗಳ ಗದ್ದಲದ ದಿನಗಳಲ್ಲಿ ಬರೆದ ಕಾರ್ನಾಡರು, ಹುಟ್ಟಿದ ಜಾತಿಯ ಅವಮಾನವನ್ನು ಸಿಂಹಾಸನದ ಮೇಲೂ ಮರೆಯಲಾರದ ಬಿಜ್ಜಳನನ್ನು ಕಂಡರು. ಊರು ಒಂದೇ, ಹೆಸರುಗಳು ಅವೇ. ಕೇಳಿದ ಪ್ರಶ್ನೆ ಮಾತ್ರ ಆಯಾ ಕಾಲದ್ದು. ಪ್ರತಿಯೊಬ್ಬನೂ ಕಲ್ಯಾಣವನ್ನು ಮತ್ತೆ ಕಟ್ಟಿ, ಮತ್ತೆ ಕೆಡವಲೇಬೇಕಾಯಿತು.

“ಮೊದಲ ಸಲ ‘ತಲೆದಂಡ’ ನೋಡಿದಾಗ ನನಗೂ ಸಿಟ್ಟು ಬಂದಿತ್ತು,” ಎಂದರು ಅಜ್ಜನವರು. “ನನ್ನ ತಾಯಿ ಹೇಳಿದ ಬಸವಣ್ಣ ಎಂದೂ ಅಳುಕಿದವನಲ್ಲ. ರಂಗದ ಮೇಲಿನವನು ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಿದ್ದ. ನನ್ನದನ್ನು ಯಾರೋ ಕಸಿದುಕೊಂಡಂತಾಯಿತು. ವಾರ ಕಳೆದ ಮೇಲೆ ತಿಳಿಯಿತು – ಆ ಮದುವೆ ಇಂದು ನಮ್ಮ ಓಣಿಯಲ್ಲಿ ನಡೆದರೆ ನಾನು ಯಾವ ಕಡೆ ನಿಲ್ಲುವೆನೆಂದು ನನಗೇ ಗೊತ್ತಿರಲಿಲ್ಲ. ತಾಯಿಯ ಕಥೆ ನನ್ನನ್ನು ಹಾಗೆಂದೂ ಕೇಳಿರಲಿಲ್ಲ.”

ಹೆಸರು ಒಂದೇ ಏಕೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದ್ದೀತು. ಹಳಬನು ಗುರುತು ಹಿಡಿಯುವಷ್ಟು ಉಳಿದಿರಬೇಕು. ಅವನು ಮರಳಿ ಯೋಚಿಸುವಷ್ಟು ಬದಲಾಗಿರಬೇಕು. ಮೊದಲನೆಯದು ತಪ್ಪಿದರೆ ಹೆಸರು ಬರಿಯ ವ್ಯಾಪಾರದ ಮುದ್ರೆ. ಎರಡನೆಯದು ತಪ್ಪಿದರೆ ಅದು ಕಲಿತ ಪಾಠದ ಉರು.

ಮೊಮ್ಮಗನು ಆಟವನ್ನು ನಿಲ್ಲಿಸಿ ಎದ್ದನು. “ಆ ಮೂರು ನಾಟಕಗಳು ಮನೆಯಲ್ಲಿವೆಯೆ, ಅಜ್ಜ? ಯಾವುದನ್ನು ಮೊದಲು ಓದಲಿ?”

“ಯಾವುದನ್ನಾದರೂ ಓದು,” ಎಂದು ಅಜ್ಜನವರು ಬೀರುವಿನ ಕಡೆ ಕೈ ತೋರಿಸಿದರು. “ಹಿಂದಿನದನ್ನು ಓದದಿದ್ದರೂ ತಿಳಿಯುತ್ತದೆ.”